ಕಟ್ಟುಮರ ಕಲಿಸುವ ಪಾಠ

ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಅನ್ಯದೇಶ್ಯ ಪದಗಳ ಪಾಠ ನಡೆಯುತ್ತಿತ್ತು. ಇಂಗ್ಲಿಷಿನಿಂದ ನಮ್ಮ ಮಾತಿಗೆ ಬಂದು ಸೇರಿದ ಪದಗಳನ್ನು ಒಬ್ಬೊಬ್ಬರಾಗಿ ಹೇಳಿರೆಂದೆ. ಬಸ್ಸು, ರೈಲು, ಬೆಂಚು, ಪೆನ್ಸಿಲು ಎಂದು ಪಟ್ಟಿ ಬೆಳೆಯುತ್ತಿದ್ದಾಗ ಕೊನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಕ್ಯಾಟಮರಾನ್, ಸಾರ್" ಎಂದ. ಎರಡು ಒಡಲಿನ ಹಾಯಿದೋಣಿಗಳು ಕಡಲ ಮೇಲೆ ಪಂದ್ಯ ಕಟ್ಟಿ ಓಡುವುದನ್ನು ಅವನು ಮೊಬೈಲಿನಲ್ಲಿ ನೋಡಿದ್ದನಂತೆ. ಉಳಿದವರು ನಕ್ಕರು. ನಾನು ಮಾತ್ರ ಸುಣ್ಣದ ಕಡ್ಡಿ ತೆಗೆದುಕೊಂಡು ಕಪ್ಪುಹಲಗೆಯ ಮೇಲೆ ಆ ಪದವನ್ನು ಬರೆದು, ನಡುವೆ ಒಂದು ಗೆರೆ ಎಳೆದೆ. ಒಂದು ಕಡೆ 'ಕಟ್ಟು', ಇನ್ನೊಂದು ಕಡೆ 'ಮರ'. "ಇದರಲ್ಲಿ ಇಂಗ್ಲಿಷು ಎಲ್ಲಿದೆ, ತೋರಿಸಿ ನೋಡೋಣ" ಎಂದೆ. ತರಗತಿ ನಿಶ್ಶಬ್ದವಾಯಿತು.

ಕಟ್ಟುಮರ ತಮಿಳುನಾಡಿನ ಕಡಲ ದಂಡೆಯ ಮಾತು. ವಿಲಿಯಂ ಡ್ಯಾಂಪಿಯರ್ ಎಂಬ ಇಂಗ್ಲಿಷ್ ನಾವಿಕ 1697ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಕೋರಮಂಡಲ ತೀರದ ಈ ತೇಲುಮರಗಳ ವಿಷಯವನ್ನು ಬರೆದು, ಹೆಸರನ್ನೂ ತನ್ನ ಭಾಷೆಗೆ ಕೊಂಡೊಯ್ದ. ಆ ಹೆಸರಿನ ಎರಡು ತುಂಡುಗಳೂ ತಮಿಳಿನವಾದಷ್ಟೇ ಕನ್ನಡದವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿ ಬೆಳೆಯುವ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಇದ್ದರೂ ನಮ್ಮ ಮನೆಯ ಮಗಳು ಪರದೇಶಕ್ಕೆ ಹೋಗಿ ವೇಷ ಬದಲಿಸಿ ಬಂದಾಗ ನಾವೇ ಗುರುತು ಹಿಡಿಯಲಿಲ್ಲ!

ಅಂದಿನ ಪಾಠ ಅಲ್ಲಿಗೆ ಮುಗಿಯಿತು. ಆದರೆ ಆ ಪದ ನನ್ನ ತಲೆಯಲ್ಲಿ ಉಳಿಯಿತು. ಏಕೆಂದರೆ ಅಂಥ ದೋಣಿಯೊಂದನ್ನು ಕಟ್ಟುವುದನ್ನೂ ಬಿಚ್ಚುವುದನ್ನೂ ಕಣ್ಣಾರೆ ನೋಡುವ ಭಾಗ್ಯ ನನಗೆ ಅದಕ್ಕೆ ಕೆಲವು ತಿಂಗಳ ಹಿಂದೆ ದೊರೆತಿತ್ತು. ಅಂದು ಕಂಡದ್ದನ್ನು ಹೇಳಿ, ಅದರಿಂದ ನಮ್ಮ ಶಾಲೆ ಕಲಿಯಬೇಕಾದದ್ದು ಏನೆಂದು ನನಗೆ ತೋರಿದ ಅಭಿಪ್ರಾಯವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಹೆಸರು ನಮ್ಮದಾದರೂ ಪಂದ್ಯದ ದೋಣಿಯ ರೂಪ ನಮ್ಮದಲ್ಲ. ನಮ್ಮ ಕಟ್ಟುಮರವೆಂದರೆ ಹಗುರ ಜಾತಿಯ ಕೆಲವು ದಿಮ್ಮಿಗಳನ್ನು ಕೆತ್ತಿ, ಪಕ್ಕಪಕ್ಕಕ್ಕೆ ಜೋಡಿಸಿ, ತೆಂಗಿನ ನಾರಿನ ಹಗ್ಗದಿಂದ ಬಿಗಿದದ್ದು. ಪಂದ್ಯದ ದೋಣಿಗಾದರೋ ಎರಡು ತೆಳ್ಳನೆಯ ಒಡಲುಗಳು. ಅವುಗಳ ನಡುವೆ ಅಡ್ಡ ತೊಲೆಗಳು. ಇದು ಪೆಸಿಫಿಕ್ ಸಾಗರದ ದ್ವೀಪವಾಸಿಗಳ ಜೋಡಿದೋಣಿಯ ಸಂತತಿ. 1876ರಲ್ಲಿ ನಥಾನಿಯೆಲ್ ಹೆರೆಶಾಫ್ ಎಂಬ ಅಮೆರಿಕದ ದೋಣಿಶಿಲ್ಪಿ 'ಅಮರಿಲಿಸ್' ಎಂಬ ಇಂಥ ದೋಣಿಯನ್ನು ಕಟ್ಟಿ ನ್ಯೂಯಾರ್ಕಿನ ಪಂದ್ಯದಲ್ಲಿ ಉಳಿದೆಲ್ಲವನ್ನೂ ಹಿಂದೆ ಹಾಕಿದ. ಸೋತವರು ಮಾಡಿದ್ದೇನು? ಇದು ದೋಣಿಯೇ ಅಲ್ಲವೆಂದು ತಕರಾರು ತೆಗೆದು ಈ ಜಾತಿಯನ್ನೇ ಪಂದ್ಯಗಳಿಂದ ಹೊರಗಿಟ್ಟರು. ಹೀಗೆ ಬಹಿಷ್ಕಾರ ಉಂಡ ದೋಣಿ ಸರಿಯಾಗಿ ನೂರು ವರ್ಷ ಕಳೆದು 1976ರಲ್ಲಿ ಒಲಿಂಪಿಕ್ಸಿಗೆ ಪ್ರವೇಶ ಪಡೆಯಿತು. ಅದರ 'ಟೊರ್ನಾಡೊ' ಎಂಬ ಜಾತಿ 2008ರವರೆಗೆ ಅಲ್ಲಿತ್ತು. 2016ರಿಂದ 'ನಾಕ್ರಾ 17' ಎಂಬುದರಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ ಜೊತೆಯಾಗಿ ಸ್ಪರ್ಧಿಸುತ್ತಾರೆ.

ರೂಪ ಬೇರೆಯಾದರೂ ಧರ್ಮ ಒಂದೇ. ನಮ್ಮ ಮೀನುಗಾರರು ಕಟ್ಟುಮರವನ್ನು ದಂಡೆಗೆ ತಂದ ಮೇಲೆ ಏನು ಮಾಡುತ್ತಿದ್ದರು ಬಲ್ಲಿರಾ? ಹಗ್ಗ ಬಿಚ್ಚಿ ದಿಮ್ಮಿಗಳನ್ನು ಬೇರೆ ಬೇರೆ ಮಾಡಿ ಮರಳಿನ ಮೇಲೆ ಒಣಗಲು ಬಿಡುತ್ತಿದ್ದರು. ನೀರು ಕುಡಿದ ಮರ ಭಾರವಾಗುತ್ತದೆ. ಭಾರವಾದ ಮರ ಅಲೆಯ ಮೇಲೆ ಏಳುವುದಿಲ್ಲ. ಮತ್ತೆ ಕಡಲಿಗಿಳಿಯುವಾಗ ಹೊಸದಾಗಿ ಕಟ್ಟಬೇಕು. ಒಮ್ಮೆ ಕಟ್ಟಿದೆವು, ಇನ್ನು ಚಿಂತೆಯಿಲ್ಲ ಎಂಬ ಮಾತೇ ಅಲ್ಲಿರಲಿಲ್ಲ. 2004ರ ಸುನಾಮಿಯ ಅನಂತರ ಬಹುಪಾಲು ಕಡೆ ಫೈಬರಿನ ದೋಣಿಗಳು ಬಂದು ಮರದ ಕಟ್ಟುಮರಗಳು ವಿರಳವಾದವು. ಆದರೂ ದಿನವೂ ಕಟ್ಟಿ ದಿನವೂ ಬಿಚ್ಚುವ ಆ ಶಿಸ್ತನ್ನು ನಾನು ಪಂದ್ಯದ ದೋಣಿಯಲ್ಲಿ ಮತ್ತೆ ಕಂಡೆ.

ಅಲ್ಲಿಗೆ ನನ್ನನ್ನು ಕರೆದವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಚೆನ್ನೈಯಿಂದ ದಕ್ಷಿಣಕ್ಕೆ, ಕಡಲ ದಂಡೆಯಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿಸುವ ಸ್ಥಳವೊಂದರಲ್ಲಿ ಅವನಿಗೆ ಕೆಲಸ. "ಸಾರ್, ನೀವು ಒಂದು ಸಲ ಬಂದು ನೋಡಲೇಬೇಕು" ಎಂದು ಎರಡು ವರ್ಷದಿಂದ ಒತ್ತಾಯ ಮಾಡುತ್ತಿದ್ದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವನು ನಾಚಿಕೊಳ್ಳುತ್ತಾನೆ. ಆದರೆ ಅವನ ವಿಷಯದಲ್ಲಿ ನನ್ನಿಂದಾದ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವಂತಿಲ್ಲ.

ಅವನ ತಂದೆ ಲಾರಿಗಳಿಗೆ ಸರಕು ತುಂಬಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವ ಕೆಲಸದವರು. ಸೇಲಂ, ಸಂಕಗಿರಿ, ನಾಮಕ್ಕಲ್ ಕಡೆ ಹುಟ್ಟಿದವರಿಗೆ ಆ ಕೆಲಸದ ಬೆಲೆ ತಿಳಿದೇ ಇದೆ; ಇಲ್ಲಿ ಬಿಗಿದ ಗಂಟು ದಾರಿಯಲ್ಲಿ ಎಷ್ಟೇ ಕುಲುಕಿದರೂ ಸಡಿಲಬಾರದು. ತಂದೆಯ ಕೈಚಳಕ ಮಗನಿಗೂ ಬಂದಿತ್ತು. ಹತ್ತನೆಯ ತರಗತಿಯಲ್ಲಿದ್ದಾಗ ಒಂದು ಸ್ವಾತಂತ್ರ್ಯ ದಿನದ ಹಿಂದಿನ ಸಂಜೆ ಅವನು ನನ್ನ ಬಳಿ ಬಂದು, "ಸಾರ್, ಬಾವುಟದ ಕಂಬದ ಹಗ್ಗ ಮೇಲೆ ರಾಟೆಯ ಹತ್ತಿರ ಸವೆದು ಎಳೆ ಬಿಟ್ಟಿದೆ. ಬದಲಾಯಿಸಲೇ?" ಎಂದು ಕೇಳಿದ. ಭಾಷಣದ ತಯಾರಿಯಲ್ಲಿದ್ದ ನಾನು, "ಹಗ್ಗದ ಚಿಂತೆ ನಿನಗೇಕಪ್ಪಾ? ಹೋಗಿ ಗಣಿತ ಓದು" ಎಂದು ಗದರಿಸಿ ಕಳುಹಿಸಿದೆ. ಮರುದಿನ ಬೆಳಗ್ಗೆ ಅತಿಥಿಗಳ ಮುಂದೆ ಬಾವುಟ ಅರ್ಧಕ್ಕೇ ಸಿಕ್ಕಿಕೊಂಡಿತು; ಬಿಟ್ಟ ಎಳೆ ರಾಟೆಯೊಳಗೆ ಸುತ್ತಿಕೊಂಡಿತ್ತು. ಯಾರೂ ಹೇಳುವ ಮೊದಲೇ ಆ ಹುಡುಗ ಕಂಬ ಹತ್ತಿ ಬಿಡಿಸಿದ. ಇಳಿದಾಗ ಅವನ ಅಂಗೈ ಸುಲಿದು ರಕ್ತ ಜಿನುಗುತ್ತಿತ್ತು. ಅಂದು ಭಾಷಣ ಸ್ಪರ್ಧೆಗೆ ಬಹುಮಾನ ಕೊಟ್ಟೆವು, ಹಾಡಿಗೆ ಕೊಟ್ಟೆವು, ಓಟಕ್ಕೆ ಕೊಟ್ಟೆವು. ಅವನಿಗೆ ಕೊಡಲು ನಮ್ಮ ಪಟ್ಟಿಯಲ್ಲಿ ಯಾವ ಬಹುಮಾನವೂ ಇರಲಿಲ್ಲ.

ಇರಲಿ. ಸೇಲಂನಿಂದ ರಾತ್ರಿಯ ರೈಲು ಹಿಡಿದು ಬೆಳಗ್ಗೆ ನಾನು ಅವನ ಕಡಲ ದಂಡೆ ಸೇರಿದೆ. ಮರಳಿನ ಮೇಲೆ ಆರು ದೋಣಿಗಳು ಕಂಬವಿಲ್ಲದೆ, ಹಾಯಿಯಿಲ್ಲದೆ, ಹಕ್ಕಿಯ ರೆಕ್ಕೆ ಕಿತ್ತಿಟ್ಟಂತೆ ಬಿದ್ದಿದ್ದವು. ಅಂದು ಅಲ್ಲಿಯವರೊಳಗೇ ಒಂದು ಸಣ್ಣ ಪಂದ್ಯ. ಅವನ ದೋಣಿ 'ಹೋಬಿ 16' ಎಂಬ ಜಾತಿಯದು. ಕ್ಯಾಲಿಫೋರ್ನಿಯಾದಲ್ಲಿ ಅಲೆಹಲಗೆಗಳನ್ನು ತಯಾರಿಸುತ್ತಿದ್ದ ಹೋಬಿ ಆಲ್ಟರ್ ಎಂಬವರ ಕಲ್ಪನೆಯ ಕೂಸು ಇದು. ಉದ್ದ 5 ಮೀಟರಿಗೆ ಸ್ವಲ್ಪ ಹೆಚ್ಚು, ಅಗಲ ಸುಮಾರು 2.4 ಮೀಟರ್, ತೂಕ ಸುಮಾರು 145 ಕಿಲೋ. ನಡೆಸುವವರು ಇಬ್ಬರು. ಇಂಜಿನ್ನಿಲ್ಲ, ಹುಟ್ಟಿಲ್ಲ, ಗಾಳಿಯೇ ದೊರೆ.

ಎರಡು ಒಡಲುಗಳ ನಡುವಿನ ಚೌಕಟ್ಟಿಗೆ ಗಟ್ಟಿ ಬಟ್ಟೆಯ ಹಾಸನ್ನು ಹುರಿಯಿಂದ ಹೆಣೆದು ಬಿಗಿಯುವುದು ಮೊದಲ ಕೆಲಸ. ನಮ್ಮ ಹಗ್ಗದ ಮಂಚವನ್ನು ಬಿಗಿಯುವ ರೀತಿಯೇ ಅದು. ಒಂದು ತುದಿಯಿಂದ ಹೊರಟು ಪ್ರತಿಯೊಂದು ಸುತ್ತನ್ನೂ ಎಳೆದು, ಕೊನೆ ಮುಟ್ಟಿ, ಮತ್ತೆ ಮೊದಲಿಗೆ ಬಂದು ಎಳೆಯಬೇಕು. ಹಾಸು ಜೋಲಿದರೆ ಮೇಲೆ ಓಡಾಡುವವನ ಕಾಲು ತಪ್ಪುತ್ತದೆ. ಅಲೆಯ ನೀರೂ ಅದಕ್ಕೆ ಹೆಚ್ಚು ಬಡಿಯುತ್ತದೆ.

ಅನಂತರ ಕಂಬ. ನಮ್ಮ ನಿಘಂಟುಗಳಲ್ಲಿ ಅದಕ್ಕೆ 'ಕೂವೆ' ಎಂಬ ಒಳ್ಳೆಯ ಪದವಿದೆ. ಬಳಸುವವರಿಲ್ಲದೆ ಧೂಳು ತಿನ್ನುತ್ತಿದೆ. ಸುಮಾರು 8 ಮೀಟರ್ ಉದ್ದದ ಅಲ್ಯೂಮಿನಿಯಂ ಕೂವೆ. ಅದನ್ನು ಎತ್ತುವ ಮೊದಲು ಹುಡುಗ ಕೆಲಸ ನಿಲ್ಲಿಸಿ ತಲೆಯೆತ್ತಿ ಆಕಾಶವನ್ನು ನೋಡಿದ. "ಏನಪ್ಪಾ, ಮಳೆ ಬರುತ್ತದೆಯೇ?" ಎಂದೆ. "ಅಲ್ಲ ಸಾರ್, ಕರೆಂಟಿನ ತಂತಿ" ಎಂದ. ಕಂಬ ಎತ್ತುವಾಗಲೋ ದೋಣಿಯನ್ನು ತಳ್ಳಿಕೊಂಡು ಹೋಗುವಾಗಲೋ ಮೇಲಿನ ತಂತಿ ತಗುಲಿ ಅಮೆರಿಕದಲ್ಲಿ ಜನ ಸತ್ತಿದ್ದಾರೆ. ಆಮೇಲೆ ಕಂಬದ ಮೇಲ್ತುದಿಯನ್ನು ವಿದ್ಯುತ್ತು ಹರಿಯದ ಫೈಬರಿನಿಂದ ಮಾಡಲಾರಂಭಿಸಿದರು. ಆದರೂ ತಲೆಯೆತ್ತಿ ನೋಡುವುದನ್ನು ಬಿಡುವಂತಿಲ್ಲ. ತೆಂಗಿನಕಾಯಿ ಕೀಳುವ ಗಳು ಹಿಡಿದು ಓಡಾಡುವ ನಮ್ಮೂರಿನವರಿಗೂ ಈ ಎಚ್ಚರಿಕೆ ಸಲ್ಲುತ್ತದೆ.

ಒಬ್ಬ ಹಾಸಿನ ಮೇಲೆ ನಿಂತು ಕಂಬವನ್ನು ಹೆಗಲಿನಿಂದ ಎತ್ತಿದ. ಇನ್ನೊಬ್ಬ ಮುಂದಿನಿಂದ ಹಗ್ಗ ಹಿಡಿದು ಜಗ್ಗಿದ. ನಿಂತ ಕಂಬವನ್ನು ಹಿಡಿದಿಡುವುದು ಮೂರೇ ಉಕ್ಕಿನ ತಂತಿಗಳು. ಮುಂದಕ್ಕೊಂದು, ಎಡಬಲಕ್ಕೆ ಒಂದೊಂದು. ಒಂದು ಕಡಿದರೂ ಕಂಬ ಉರುಳಿ ಬೀಳುತ್ತದೆ. ಆದ್ದರಿಂದ ಆ ತಂತಿಗಳ ಪರೀಕ್ಷೆ ಬಲು ಕಟ್ಟುನಿಟ್ಟು. ಅವನು ಹತ್ತಿಯ ಬಟ್ಟೆಯೊಂದನ್ನು ತಂತಿಗೆ ಸುತ್ತಿ ಈ ತುದಿಯಿಂದ ಆ ತುದಿಗೆ ಜಾರಿಸಿದ. ಎಲ್ಲಾದರೂ ಒಂದು ಎಳೆ ಕಡಿದಿದ್ದರೆ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ ದೋಷವನ್ನು ಬಟ್ಟೆ ಹಿಡಿಯುತ್ತದೆ! "ಒಂದೇ ಎಳೆ ಹೋದರೆ ಏನಾಯಿತು? ಉಳಿದವು ಇಲ್ಲವೇ?" ಎಂದು ಕೇಳಿದೆ. "ಒಂದು ಎಳೆ ಹೋಗಿದೆ ಎಂದರೆ ಉಳಿದವೂ ಅಷ್ಟೇ ದುಡಿದಿವೆ ಸಾರ್. ಇಡೀ ತಂತಿಯನ್ನೇ ಬದಲಾಯಿಸುತ್ತೇವೆ" ಎಂದ. ಈ ಮಾತನ್ನು ನಾನು ಬರೆದಿಟ್ಟುಕೊಂಡೆ.

ಕಂಬ ನಿಂತ ಮೇಲೆ ಹಾಯಿ. ಹಾಯಿಯ ಉದ್ದಕ್ಕೂ ತೆಳು ಪಟ್ಟಿಗಳನ್ನು ತೂರಿಸಿ ಅದಕ್ಕೆ ಆಕಾರ ಕೊಡುತ್ತಾರೆ. ಪಟ್ಟಿ ಹೆಚ್ಚು ಬಿಗಿಯಾದರೆ ಹಾಯಿ ಉಬ್ಬಿಕೊಂಡೇ ಇರುತ್ತದೆ, ಸಡಿಲಾದರೆ ಸುಕ್ಕುಗಟ್ಟುತ್ತದೆ. ಹಾಯಿಯ ಅಂಚನ್ನು ಕಂಬದ ಸೀಳಿನೊಳಗೆ ಸೇರಿಸಿ ಮೇಲಕ್ಕೆ ಎಳೆದು, ಕೆಳಗಿನಿಂದ ಮತ್ತೊಂದು ಹಗ್ಗದಿಂದ ಜಗ್ಗಿ ಬಿಗಿದರು. ಆ ಬಿಗಿಯುವ ಕ್ರಮವನ್ನು ನೋಡಿ ನನಗೆ ನಗು ಬಂತು. ಹಗ್ಗದ ನಡುವೆ ಕುಣಿಕೆ ಮಾಡಿ, ತುದಿಯನ್ನು ಕೊಕ್ಕೆಗೆ ಹಾಯಿಸಿ, ಮತ್ತೆ ಕುಣಿಕೆಯೊಳಗೆ ತೂರಿಸಿ ಮೈಭಾರ ಬಿಟ್ಟು ಜಗ್ಗುವುದು! ಅದು ಅವನ ತಂದೆ ಲಾರಿಗೆ ಹಾಕುತ್ತಿದ್ದ ಅದೇ ಕಟ್ಟು. ಹಾಯಿಯನ್ನು ಆಡಿಸುವ ದೊಡ್ಡ ಹಗ್ಗವಾದರೋ ರಾಟೆಗಳ ಮೇಲೆ ಆರು ಎಳೆಯಾಗಿ ಹಾಯ್ದುಬರುತ್ತದೆ. ಹಾಗಾಗಿ ಒಬ್ಬನ ಕೈಬಲ ಸುಮಾರು ಆರು ಪಾಲಾಗುತ್ತದೆ. ತಿಕ್ಕಾಟದಿಂದ ಸ್ವಲ್ಪ ನಷ್ಟವುಂಟು. ವಿಜ್ಞಾನದ ಪುಸ್ತಕದಲ್ಲಿ ಚಿತ್ರ ಬರೆದು ಅಂಕ ಗಳಿಸುವ ರಾಟೆ ಅಲ್ಲಿ ಜೀವಂತವಾಗಿ ದುಡಿಯುತ್ತಿತ್ತು.

ಕೊನೆಗೆ ಎರಡು ಚುಕ್ಕಾಣಿಗಳು. ಅವುಗಳ ಮುಂದಿನ ಅಂಚುಗಳ ನಡುವಿನ ದೂರವನ್ನೂ ಹಿಂದಿನ ಅಂಚುಗಳ ನಡುವಿನ ದೂರವನ್ನೂ ಟೇಪು ಹಿಡಿದು ಅಳೆದರು. ಎರಡೂ ಹೆಚ್ಚು ಕಡಿಮೆ ಸಮವಾಗಿರಬೇಕು. ಇಲ್ಲವಾದರೆ ಏರುಮಾರಾದ ಎತ್ತಿನ ಜೋಡಿಯಂತೆ ಒಂದನ್ನೊಂದು ಎಳೆದಾಡಿ ಓಟವನ್ನು ಕುಂಠಿಸುತ್ತವೆ. ಒಡಲುಗಳ ಹಿಂತುದಿಯಲ್ಲಿರುವ ಬಿರಡೆಗಳನ್ನು ತಿರುಗಿಸಿ ಭದ್ರಪಡಿಸಿದರು. ಬಿರಡೆ ಮರೆತವನ ದೋಣಿ ನೀರು ಕುಡಿದು ತೂಕವೇರುತ್ತದೆ.

ಎಲ್ಲವೂ ಮುಗಿಯಿತೆಂದು ನಾನು ಭಾವಿಸಿದೆ. ಪಂದ್ಯದ ಸೂಚನೆಯ ಬಾವುಟವೂ ಏರಿತು. ಉಳಿದ ದೋಣಿಗಳು ನೀರಿಗಿಳಿದವು. ಅಷ್ಟರಲ್ಲಿ ನನ್ನ ಹುಡುಗ ಕೊನೆಯ ಬಾರಿ ಎಂದು ಬೆರಳಿನಿಂದ ಒಂದೊಂದೇ ಕೀಲನ್ನು ಮುಟ್ಟಿ ನೋಡುತ್ತ ಹೋಗಿ, ಬಲಗಡೆಯ ತಂತಿಯ ಬುಡದಲ್ಲಿ ನಿಂತುಬಿಟ್ಟ. ತಂತಿಯನ್ನು ಒಡಲಿಗೆ ಜೋಡಿಸುವ ಕೀಲು ಕಳಚದಂತೆ ತಡೆಯುವುದು ಬೆರಳಿನ ಉಗುರಿನಷ್ಟು ಚಿಕ್ಕ ಒಂದು ಉಕ್ಕಿನ ಉಂಗುರ. ಆ ಉಂಗುರ ಅರ್ಧ ಬಿಚ್ಚಿಕೊಂಡಿತ್ತು. ಜೊತೆಗಾರ ಚಡಪಡಿಸಿದ, "ಇರಲಿ ಬಾ, ಒಂದು ಗಂಟೆ ತಡೆದುಕೊಳ್ಳುತ್ತದೆ" ಎಂದ. ಇವನು ಮಾತಾಡದೆ ಹೊಸ ಉಂಗುರ ತಂದು ಹಾಕಿ, ಮೇಲೆ ಅಂಟುಪಟ್ಟಿ ಸುತ್ತಿ, ಮತ್ತೊಮ್ಮೆ ಎಳೆದು ನೋಡಿ, ಆಮೇಲೆ ದೋಣಿಯನ್ನು ತಳ್ಳಿದ. ಅಷ್ಟರೊಳಗೆ ಉಳಿದವರು ಬಹುದೂರ ಹೋಗಿದ್ದರು.

ಕಥೆಗಳಲ್ಲಿಯಾದರೆ ಇಂಥವನು ಕೊನೆಗೆ ಗೆಲ್ಲಬೇಕು. ನಿಜವಾಗಿ ಅಂದು ಅವನು ಐದನೆಯವನಾಗಿ ಬಂದ. ಆರರಲ್ಲಿ ಐದು! ದಂಡೆಗೆ ಬಂದಾಗ ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವನೇ ನಕ್ಕು, "ಕಂಬ ನಿಂತಿತಲ್ಲ ಸಾರ್" ಎಂದ. ಬಳಿಕ ಗೆದ್ದವರು ಚಹಾ ಕುಡಿಯುವಾಗ ಅವನು ಸಿಹಿನೀರಿನಿಂದ ದೋಣಿಯನ್ನೂ ಹಾಯಿಯನ್ನೂ ತೊಳೆದ. ಉಪ್ಪುನೀರು ಉಳಿದರೆ ಉಕ್ಕೂ ಅಲ್ಯೂಮಿನಿಯಮ್ಮೂ ಸೇರುವಲ್ಲಿ ವಿದ್ಯುತ್ಕೋಶದ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆಯುತ್ತದೆ. ಬಿಸಿಲಿಗೆ ಬಿಟ್ಟರೆ ಹಾಯಿಯ ಬಟ್ಟೆ ಶಕ್ತಿಗುಂದುತ್ತದೆ. ಆದ್ದರಿಂದ ಪಟ್ಟಿಗಳನ್ನು ಸಡಿಲಿಸಿ, ಹಾಯಿಯನ್ನು ಸುರುಳಿ ಸುತ್ತಿ ನೆರಳಿಗೆ ಸೇರಿಸಿದ. ಬಿರಡೆ ಬಿಚ್ಚಿ ಎಷ್ಟು ನೀರು ಬಂತೆಂದು ನೋಡಿದ. ಕೊನೆಯಲ್ಲಿ ಒಂದು ಮಾಸಿದ ನೋಟುಪುಸ್ತಕ ತೆಗೆದು ತಾರೀಖು ಹಾಕಿ ಬರೆದ: ಬಲದ ಉಂಗುರ ಬದಲಾಯಿಸಿದೆ. ಆ ಪುಸ್ತಕದಲ್ಲಿ ಕನ್ನಡ ಅಕ್ಷರಗಳನ್ನು ಕಂಡು ನನ್ನ ಕಣ್ಣು ತುಂಬಿ ಬಂತೆಂದರೆ ಓದುಗರು ನಗಬಾರದು.

ಈ ಆಟದ ಒಂದು ವೈಶಿಷ್ಟ್ಯ ನನ್ನ ಮನಸ್ಸನ್ನು ಸೆರೆಹಿಡಿಯಿತು. ಚಿಕ್ಕ ಹಾಯಿದೋಣಿಗಳಲ್ಲಿ ಸ್ಪರ್ಧಿಯೇ ಕೂಲಿ, ಸ್ಪರ್ಧಿಯೇ ಕಮ್ಮಾರ. ಟೋಕಿಯೋ ಒಲಿಂಪಿಕ್ಸಿಗೆ 2021ರಲ್ಲಿ ಭಾರತದಿಂದ ನೇತ್ರಾ ಕುಮನನ್, ವಿಷ್ಣು ಸರವಣನ್, ಗಣಪತಿ, ವರುಣ್ ಠಕ್ಕರ್ ಎಂಬ ನಾಲ್ವರು ಹಾಯಿದೋಣಿಗರು ಹೋದರು. ಒಲಿಂಪಿಕ್ಸ್ ತಲುಪಿದವರಾದರೂ ಕಲಿಯುವ ಕಾಲದಲ್ಲಿ ತಮ್ಮ ದೋಣಿಯನ್ನು ತಾವೇ ಕಟ್ಟಿ ಬಿಚ್ಚದೆ ಈ ವಿದ್ಯೆಯನ್ನು ಯಾರೂ ಪಡೆಯಲಾರರು. ಓಡಿಸುವವನು ದೊಡ್ಡವನು, ತೊಳೆಯುವವನು ಚಿಕ್ಕವನು ಎಂಬ ಭೇದ ಅಲ್ಲಿ ನಿಲ್ಲುವುದಿಲ್ಲ. ನಮ್ಮಲ್ಲಾದರೋ ಕಟ್ಟಿದವರಿಗೆ ಶಿಲಾಫಲಕ, ಉದ್ಘಾಟಿಸಿದವರಿಗೆ ಹಾರ. ಕಾಪಾಡಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ಕಾಪಾಡುವುದೂ ಒಂದು ವಿದ್ಯೆ. ಅದಕ್ಕೂ ಶಾಲೆಯಲ್ಲಿ ಸ್ಥಾನವೂ ಮರ್ಯಾದೆಯೂ ದೊರೆಯಬೇಕು. ಇದೇ ನನ್ನ ಅಭಿಪ್ರಾಯದ ತಿರುಳು.

"ಓಮಲೂರಿಗೂ ಕಡಲಿಗೂ ಏನು ಸಂಬಂಧ?" ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಸರಬಂಗಾ ಹೊಳೆಯಲ್ಲಿ ಹಾಯಿದೋಣಿ ಓಡುವುದಿಲ್ಲ. ಆದರೆ ಹತ್ತಿರದ ಮೆಟ್ಟೂರಿನ ಜಲಾಶಯಕ್ಕೋ, ಆಚೆ ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿಗೋ ಹೋಗಿ ನೋಡಿರಿ. ಅಲ್ಲಿ ತಮಿಳರು ಪರಿಸಲ್ ಎನ್ನುವ, ನಾವು ಹರಿಗೋಲು ಎನ್ನುವ ದುಂಡು ದೋಣಿ ಇಂದಿಗೂ ಇದೆ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಒಳಗೆ ಬೆತ್ತ, ಹೊರಗೆ ಚರ್ಮದ ಈ ಬುಟ್ಟಿದೋಣಿಗಳನ್ನು ಕಂಡು ಬರೆದಿದ್ದಾನೆ. ಈಗ ಬಿದಿರಿನ ಹೆಣಿಗೆಗೆ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ, ಫೈಬರಿನವೂ ಬಂದಿವೆ. ಅಂಬಿಗ ದಡಕ್ಕೆ ಬಂದೊಡನೆ ಹರಿಗೋಲನ್ನು ಬೋರಲು ಹಾಕಿ ಒಣಗಿಸುತ್ತಾನೆ. ಸೋರುವ ಕಡೆ ಡಾಂಬರು ಹಚ್ಚುತ್ತಾನೆ. ಅವನ ಕೈಯ ಆ ಕಪ್ಪು ಕಲೆಯನ್ನು ನಂಬಿ ನಾವು ಹೆಂಡಿರು ಮಕ್ಕಳೊಡನೆ ಹೊಳೆಯ ನಡುವೆ ಕೂತಿರುತ್ತೇವೆ.

ಚಿಕ್ಕ ದೋಣಿಯ ಮಾತು ಹಾಗಿರಲಿ; ದೊಡ್ಡ ಅಣೆಕಟ್ಟಿಗೂ ಇದೇ ನಿಯಮ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು, ಸರಪಳಿಯ ಕೊಂಡಿ ಕಡಿದು ನೀರಿನಲ್ಲಿ ಕೊಚ್ಚಿಹೋಯಿತು. ರೈತರು ಕಣ್ಣಿಟ್ಟುಕೊಂಡಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಜೀವದ ಹಂಗು ತೊರೆದು ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ತಡೆಯನ್ನು ಕೂರಿಸಿದರು. ಅಷ್ಟು ದೊಡ್ಡ ಕಟ್ಟಡದ ಭಾಗ್ಯ ಒಂದು ಕೊಂಡಿಯಲ್ಲಿತ್ತು. 1934ರಿಂದ ನಮ್ಮ ಬಯಲುಗಳಿಗೆ ನೀರುಣಿಸುತ್ತಿರುವ ಮೆಟ್ಟೂರು ಅಣೆಕಟ್ಟಿನ ಬಳಿ ನಿಂತು 120 ಅಡಿ ನೀರು ತುಂಬಿತೇ ಎಂದು ಕೇಳುವ ನಾವು, ಅದರ ಬಾಗಿಲುಗಳಿಗೆ ಎಣ್ಣೆ ಹಾಕುವ ಕೈ ಯಾವುದೆಂದು ಎಂದಾದರೂ ಕೇಳಿದ್ದೇವೆಯೇ?

ಈಗ ನಮ್ಮ ಅಂಗಳವನ್ನೇ ನೋಡೋಣ. ವಾಲಿಬಾಲ್ ಬಲೆ ಮಳೆಯಲ್ಲಿ ನೆನೆದು ಎರಡೇ ವರ್ಷಕ್ಕೆ ಚಿಂದಿಯಾಯಿತು. ಪ್ರಯೋಗಾಲಯದ ತಕ್ಕಡಿಯ ಮುಳ್ಳು ಮುರಿದಿದೆ. ಗ್ರಂಥಾಲಯದಲ್ಲಿ ಗೆದ್ದಲು ಹಿಡಿದ ಮೇಲೆ ನಾವು ಕಪಾಟು ತೆರೆದೆವು. ಇವೆಲ್ಲ ದಾನಿಗಳು ಕೊಟ್ಟ ವಸ್ತುಗಳು. ಕೊಟ್ಟ ದಿನ ಫೋಟೋ ತೆಗೆಸಿಕೊಂಡಿದ್ದೇವೆ. ಗಡಿಯಾಚೆಯ ನಾಡಿನಲ್ಲಿರುವ ನಮ್ಮಂಥ ಕನ್ನಡ ಶಾಲೆಗೆ ಹೊಸ ಪುಸ್ತಕ ದೊರೆಯುವುದೇ ದುರ್ಲಭ. ಇದ್ದುದನ್ನು ಕಳೆದುಕೊಂಡರೆ ತುಂಬಿಕೊಡುವವರಾರು?

ಇದಕ್ಕೆ ಆಕ್ಷೇಪಣೆಗಳುಂಟು. "ಮಕ್ಕಳು ಬರುವುದು ಓದಲು, ಜವಾನನ ಕೆಲಸ ಮಾಡಲು ಅಲ್ಲ" ಎಂದು ಪೋಷಕರೊಬ್ಬರು ನನ್ನೆದುರಿಗೇ ಹೇಳಿದರು. ಆ ಮಾತಿನಲ್ಲಿ ಸತ್ಯಾಂಶವಿದೆ. ಬಡವರ ಮಕ್ಕಳ ಕೈಗೆ ಮಾತ್ರ ಪೊರಕೆ ಕೊಟ್ಟು ಉಳಿದವರನ್ನು ಕೂರಿಸುವ ಪದ್ಧತಿಯನ್ನು ನಾನು ಖಂಡಿಸುತ್ತೇನೆ. ಸಂಬಳದ ಕೆಲಸವನ್ನು ಮಕ್ಕಳ ಮೇಲೆ ಹೊರಿಸುವುದೂ ಅನ್ಯಾಯ. ಕಂಬ ಹತ್ತುವಂಥ ಅಪಾಯದ ಕೆಲಸವಂತೂ ಕೂಡದೇ ಕೂಡದು; ಅಂದು ಹತ್ತಿದ ಹುಡುಗನನ್ನು ತಡೆಯದೆ ನೋಡುತ್ತ ನಿಂತದ್ದು ನಮ್ಮ ಎರಡನೆಯ ತಪ್ಪು. ನಾನು ಹೇಳುವುದು ದುಡಿಮೆಯ ಮಾತಲ್ಲ, ದೃಷ್ಟಿಯ ಮಾತು. ಎಳೆ ಬಿಟ್ಟ ಹಗ್ಗವನ್ನು ನೋಡುವ ಕಣ್ಣು, ನೋಡಿದ್ದನ್ನು ಹೇಳುವ ಧೈರ್ಯ, ಹೇಳಿದಾಗ ಕೇಳುವ ದೊಡ್ಡವರ ಕಿವಿ, ಈ ಮೂರೂ ಬೇಕು. ಮೂರನೆಯದು ನನ್ನಲ್ಲೇ ಇರಲಿಲ್ಲ. "ಅಂಕಗಳಿಗೆ ಇದರಿಂದ ಏನು ಲಾಭ?" ಎಂಬುದು ಇನ್ನೊಂದು ಪ್ರಶ್ನೆ. ರಾಟೆ, ತಿಕ್ಕಾಟ, ಲೋಹಗಳ ಸವೆತ ಎಲ್ಲವೂ ಪಠ್ಯದಲ್ಲಿ ಇರುವಂಥವೇ. ಕೈಯಿಂದ ಕಲಿತದ್ದನ್ನು ತಲೆ ಬೇಗ ಮರೆಯುವುದಿಲ್ಲ.

ಆದ್ದರಿಂದ ಮುಖ್ಯೋಪಾಧ್ಯಾಯರಿಗೂ ಪೋಷಕರ ಸಂಘಕ್ಕೂ ನನ್ನ ಸಲಹೆ ಮೂರು. ಒಂದು: ಪ್ರತಿ ತರಗತಿಗೂ ಶಾಲೆಯ ಒಂದು ವಸ್ತುವಿನ ಪಾಲನೆಯನ್ನು ವಹಿಸಿ, ಅದಕ್ಕೊಂದು ನೋಟುಪುಸ್ತಕ ಇಡಬೇಕು, ವಾರಕ್ಕೊಮ್ಮೆ ಯಾರು ನೋಡಿದರು, ಏನು ಕಂಡರು, ಏನು ಮಾಡಿದರು ಎಂದು ಕನ್ನಡದಲ್ಲಿ ಬರೆಯಬೇಕು. ಎರಡು: ಕರಕುಶಲದ ಅವಧಿಯಲ್ಲಿ ನಾಲ್ಕು ಗಂಟುಗಳನ್ನಾದರೂ ಕಲಿಸಬೇಕು. ಎರಡು ಹಗ್ಗ ಸೇರಿಸುವ ಗಂಟು, ಕಂಬಕ್ಕೆ ಕಟ್ಟುವ ಗಂಟು, ಜಾರದ ಕುಣಿಕೆ, ಲಾರಿಯ ಕಟ್ಟು. ಕೊನೆಯದನ್ನು ಕಲಿಸಲು ನಮ್ಮ ಪೋಷಕರಲ್ಲೇ ಪಂಡಿತರಿದ್ದಾರೆ. ಅವರನ್ನು ಅತಿಥಿಗಳಂತೆ ಕರೆಸಿ ಕುರ್ಚಿ ಹಾಕಬೇಕು. ಮೂರು: ವಾರ್ಷಿಕೋತ್ಸವದ ಬಹುಮಾನದ ಪಟ್ಟಿಗೆ 'ಪಾಲನೆಯ ಬಹುಮಾನ' ಎಂಬ ಒಂದು ಸಾಲನ್ನು ಸೇರಿಸಬೇಕು. ಮೊದಲ ವರ್ಷದ ಪುಸ್ತಕಗಳ ಖರ್ಚನ್ನು ನಾನು ಕೊಡುತ್ತೇನೆ. ಹಳೆಯ ಸಾಲವೊಂದು ತೀರಿದಂತಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ನಮ್ಮ ಭಾಷೆಯಲ್ಲಿ 'ಕಟ್ಟು' ಎಂಬುದು ಎಷ್ಟು ದೊಡ್ಡ ಮಾತು ನೋಡಿ. ಮನೆ ಕಟ್ಟುತ್ತೇವೆ, ಹೂವು ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ನಾಡು ಕಟ್ಟುತ್ತೇವೆ. ಇಷ್ಟೆಲ್ಲ ಕಟ್ಟುವ ಜನ ನಾವು. ಆದರೆ ಕಟ್ಟಿದ್ದು ನಿಂತಿರುವುದು ಗಂಟನ್ನು ಆಗಾಗ ಮುಟ್ಟಿ ನೋಡುವ ಬೆರಳಿನಿಂದ. ನಾಳೆ ಶಾಲೆಗೆ ಬಂದಾಗ ಬಾವುಟದ ಕಂಬದ ಬಳಿ ಒಂದು ಕ್ಷಣ ನಿಂತು ಹಗ್ಗವನ್ನು ನೋಡಿರಿ. ಎಳೆ ಬಿಟ್ಟಿದ್ದರೆ ನನ್ನ ಬಳಿಗೆ ಬನ್ನಿರಿ. ಈ ಸಲ ನಾನು ಗದರಿಸುವುದಿಲ್ಲ.